ಅಜ್ಜಿಯ ತೊಂಬತ್ತು ವರ್ಷಗಳನ್ನು ಬರೆದಿಟ್ಟ ಬಗೆ

ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಸೀಮೆಯಲ್ಲಿ ಬಾಳಿದ ನಮ್ಮ ಅಜ್ಜಿ 2022ರಲ್ಲಿ ತೀರಿಕೊಂಡರು. ಅವರ ವರ್ಷಾಂತದ ಹೊತ್ತಿಗೆ 32 ಪುಟಗಳ ಜೀವನವೃತ್ತಾಂತವೊಂದನ್ನು ಅಚ್ಚುಹಾಕಿಸಿ ಬಂಧುಗಳಿಗೆ ಹಂಚಿದೆ. ಅದಕ್ಕೆ ಬೇಕಾದ ಮಾತುಗಳನ್ನು ಅವರ ಕೊನೆಯ ಮೂರು ಬೇಸಿಗೆಗಳಲ್ಲಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೆ. (ಮಳೆಗಾಲದಲ್ಲಿ ನಮ್ಮ ತಗಡಿನ ಮಾಡಿನಡಿ ಪಕ್ಕದವರ ಮಾತೇ ಕೇಳಿಸುವುದಿಲ್ಲ.)

ಮೊದಲ ಬೇಸಿಗೆ ವ್ಯರ್ಥವಾಯಿತು. ಪ್ರಶ್ನೆಗಳ ಪಟ್ಟಿ ಹಿಡಿದು ಎದುರಿಗೆ ಕುಳಿತು, ಮದುವೆಯಾದದ್ದು ಯಾವ ವರ್ಷ, ಈ ಮನೆಗೆ ಬಂದದ್ದು ಯಾವ ವರ್ಷ ಎಂದು ಕೇಳುತ್ತಿದ್ದೆ. “ಇಸವಿ ಕೇಳಬೇಡ ಮಾರಾಯ, ಮದುವೆ ಆಗಿದ್ದು ಮುಳುಗಡೆ ವರ್ಷ” ಎಂದು ಅವರು ಮಾತು ಮುಗಿಸಿಬಿಡುತ್ತಿದ್ದರು. ಮರುವರ್ಷ ಪಟ್ಟಿಯನ್ನು ಬದಿಗಿಟ್ಟು, ಅವರು ಮಧ್ಯಾಹ್ನ ಬತ್ತಿ ಹೊಸೆಯುವಾಗ ಪಕ್ಕದಲ್ಲಿ ಕುಳಿತು, ಬಚ್ಚಲಿನ ತಾಮ್ರದ ಹಂಡೆ ಎಲ್ಲಿಯದೆಂದು ಕೇಳಿದೆ. ಹಳೆಯ ಮನೆಯ ಹೆಂಚು ಇಳಿಸಿದ್ದು, ಬಾಗಿಲು ದಾರಂದಗಳನ್ನು ಕಿತ್ತು ಹಂಡೆಯೊಂದಿಗೆ ಎತ್ತಿನ ಗಾಡಿಗೆ ಹೇರಿದ್ದು, ಬಿಟ್ಟುಬಂದ ತೋಟದಲ್ಲಿ ಅಡಿಕೆ ಕೊನೆಗಳು ಇನ್ನೂ ಹಸಿರಾಗಿ ತೂಗುತ್ತಿದ್ದದ್ದು, ಎಲ್ಲವೂ ಮುಕ್ಕಾಲು ಗಂಟೆ ತಡೆಯಿಲ್ಲದೆ ಬಂದವು. ಕೈಗೆ ಕೆಲಸವಿದ್ದರೆ ಅವರಿಗೆ ಮಾತು ಸಲೀಸಾಗುತ್ತಿತ್ತು.

ನಿಜವಾಗಿ ಕಾಡಿದ್ದು ಕಾಲನಿರ್ಣಯ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ 1938ರ ಜನವರಿ 1 ಎಂದಿತ್ತು. ಯಾರೋ ಅಂದಾಜಿನಿಂದ ಬರೆಸಿದ್ದು ಎಂಬುದು ನೋಡಿದರೇ ತಿಳಿಯುತ್ತಿತ್ತು. ತವರಿನವರ ಪೆಟ್ಟಿಗೆಯಲ್ಲಿ ಸಿಕ್ಕ ಜಾತಕದಲ್ಲಿ ಆಂಗೀರಸ ಸಂವತ್ಸರದ ಶ್ರಾವಣವೆಂದಿತ್ತು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ಅದು 1872 ಅಥವಾ 1932 ಆಗಬೇಕು, ಹಾಗಾಗಿ ಇಲ್ಲಿ ಗೊಂದಲವಿರಲಿಲ್ಲ. ಆದರೆ ಮದುವೆಯ ಲೆಕ್ಕ ಕೂಡಿಬರಲಿಲ್ಲ. ನಮ್ಮ ತಲೆಮಾರಿನವರಿಗೆ ಮುಳುಗಡೆಯೆಂದರೆ 1964ರ ಲಿಂಗನಮಕ್ಕಿ ಅಣೆಕಟ್ಟಿನದು. ನನ್ನ ತಂದೆಯಾದರೋ 1955ರಲ್ಲಿಯೇ ಹುಟ್ಟಿದವರು. ಜೋಗದ ವಿದ್ಯುದಾಗಾರಕ್ಕಾಗಿ ಅದಕ್ಕೂ ಮೊದಲೇ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದ್ದರೆಂಬುದು ತಡವಾಗಿ ಹೊಳೆಯಿತು. ಲಿಂಗನಮಕ್ಕಿಯ ನೀರಿನಲ್ಲಿ ತಾನೇ ಮುಳುಗಿದ ಆ ಕಟ್ಟೆ, ಹಿನ್ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಈಗಲೂ ಮೇಲೆ ಕಾಣುತ್ತದೆ. ಜೋಗದ ವಿದ್ಯುದಾಗಾರ ಆರಂಭವಾದದ್ದು 1948ರಲ್ಲಿ. ಎಂದರೆ ಅಜ್ಜಿಗೆ ಮದುವೆಯಾದಾಗ ಹದಿನಾರರ ಆಸುಪಾಸು. ತವರು ಮೊದಲನೆಯ ಮುಳುಗಡೆಯಲ್ಲಿ, ಗಂಡನ ಮನೆ ಎರಡನೆಯದರಲ್ಲಿ ಹೋಗಿದ್ದರೂ ಅವರ ಬಾಯಲ್ಲಿ ಎರಡಕ್ಕೂ ಒಂದೇ ಹೆಸರು. ಧ್ವನಿಮುದ್ರಿಕೆಗಳನ್ನೆಲ್ಲ ಮತ್ತೆ ಕೇಳಿ, ಯಾವ ಮಾತು ಯಾವ ನೀರಿನದೆಂದು ಬೇರ್ಪಡಿಸಲು ಎರಡು ತಿಂಗಳು ಹಿಡಿಯಿತು. ಕೆಲವು ಮಾತುಗಳು ಎಲ್ಲಿಗೂ ಸೇರಲಿಲ್ಲ. ಅವನ್ನು ತಿದ್ದದೆ, ಕಾಲ ತಿಳಿಯದೆಂದು ಸೂಚಿಸಿ ಕೊನೆಯ ಪುಟಗಳಲ್ಲಿ ಇಟ್ಟೆ.

ಎರಡನೆಯ ಮುಳುಗಡೆಯ ಕಾಲಕ್ಕೆ ಹನ್ನೆರಡು ವರ್ಷದವರಾಗಿದ್ದ ದೊಡ್ಡತ್ತೆ ತಮ್ಮ ಪ್ರತಿಯನ್ನು ಓದಿ ನನಗೇ ಹಿಂದಿರುಗಿಸಿದರು. ಹನ್ನೊಂದನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ, “ಹಂಡೆ ಗಾಡಿಯಲ್ಲಿ ಬಂದಿದ್ದಲ್ಲ. ಅಪ್ಪ ತಲೆ ಮೇಲೆ ಹೊತ್ತಿದ್ದು” ಎಂದು ಬರೆದಿದ್ದಾರೆ.