ದುಡಿಯುವ ಮಕ್ಕಳಿಂದ ಮನೆಖರ್ಚಿಗೆ ಪಾಲು: ನಮ್ಮ ಮನೆಯಲ್ಲಿ ನಿಂತ ಲೆಕ್ಕ

ನಮ್ಮ ಮಗಳೂ ಮಗನೂ ದುಡಿಯುತ್ತಾರೆ, ನಮ್ಮ ಜೊತೆಯೇ ಇದ್ದಾರೆ, ತಿಂಗಳು ತಿಂಗಳು ಮನೆಖರ್ಚಿಗೆ ದುಡ್ಡು ಹಾಕುತ್ತಾರೆ. ಯಾರೂ ಕೇಳಬೇಕಾಗಿಲ್ಲ. ಹೆಚ್ಚು ಕಡಿಮೆ ಮೂರು ವರ್ಷದಿಂದ ಇದು ನಡೆದುಕೊಂಡು ಬಂದಿದೆ. ಶುರು ಮಾಡಿದಾಗ ನನ್ನ ಓರಗಿತ್ತಿ "ಅಕ್ಕಾ, ಇದು ಮನೆಯೋ ಲಾಡ್ಜೋ?" ಅಂದಿದ್ದಳು. ನಮ್ಮ ಯಜಮಾನರು "ನೋಡ್ತಿರು, ಇಬ್ಬರೂ ಬೇರೆ ಮನೆ ಮಾಡ್ಕೊಂಡು ಹೋಗ್ತಾರೆ" ಅಂದಿದ್ದರು. ಯಾರೂ ಹೋಗಿಲ್ಲ. ಓರಗಿತ್ತಿ ಈಗ ನನ್ನ ಲೆಕ್ಕದ ಹಾಳೆಯ ಫೋಟೋ ಕಳಿಸು ಅಂತಿದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಮಕ್ಕಳು ಕೊಡಬೇಕೋ ಬೇಡವೋ ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಸಂಬಳ ಬರುತ್ತಿದ್ದರೆ ಕೊಡಬೇಕು, ಅಷ್ಟೇ. ಇದನ್ನು ಓದುವ ಅಪ್ಪ ಅಮ್ಮಂದಿರಲ್ಲಿ ಸುಮಾರು ಜನ ಇಷ್ಟನ್ನು ಒಪ್ಪಿರುತ್ತೀರಿ. ತೊಂದರೆ ಎಲ್ಲ ಇರುವುದು ಎಷ್ಟು, ಹೇಗೆ, ಯಾವ ಲೆಕ್ಕದಲ್ಲಿ ಅನ್ನುವುದರಲ್ಲಿ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದ್ದೆವು. ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ, ಇಬ್ಬರಿಗೂ ಒಂದೇ. ಕೇಳಲು ಸುಲಭ, ಕೊಡಲೂ ಸುಲಭ. ಆದರೆ ಮಗನ ಸಂಬಳ ಮಗಳಿಗಿಂತ ಕಮ್ಮಿ. ಅವಳಿಗೆ ಅದು ಕೈಖರ್ಚಿನಷ್ಟು, ಅವನಿಗೆ ತಿಂಗಳ ಕೊನೆ ಎಳೆಯುವಷ್ಟು. ಅವನು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಒಂದು ತಿಂಗಳು ತಡ ಮಾಡಿದ, ಮುಂದಿನ ತಿಂಗಳು ಅರ್ಧ ಕೊಟ್ಟ, ಆಮೇಲೆ ನಿಲ್ಲಿಸಿಯೇ ಬಿಟ್ಟ. ಅತ್ತ ಬೆಲೆ ಏರುತ್ತಲೇ ಇತ್ತು, ಮೊತ್ತ ಅಲ್ಲೇ ನಿಂತಿತ್ತು. ಜಾಸ್ತಿ ಮಾಡಬೇಕಾದರೆ ಪ್ರತಿ ಸಲ ನಾನೇ ಹೋಗಿ ಕೇಳಬೇಕು. ಹೆತ್ತವಳು ಬಾಡಿಗೆ ಏರಿಸುವ ಮಾಲೀಕಳ ಹಾಗೆ ಬಾಗಿಲಲ್ಲಿ ನಿಲ್ಲುವುದು ಯಾರಿಗೂ ಹಿಡಿಸುವುದಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆ ಬಿತ್ತು. ದುಡ್ಡು ಕೊಡುತ್ತಿದ್ದಂತೆ ಇಬ್ಬರೂ ಗಿರಾಕಿಗಳಾಗಿಬಿಟ್ಟರು. ತಟ್ಟೆ ಸಿಂಕಿನಲ್ಲಿ ಬಿಟ್ಟು ಎದ್ದು ಹೋಗುವುದು. "ನನ್ನ ಬಟ್ಟೆ ಇನ್ನೂ ಒಗೆದಿಲ್ವಾ?" ಅಂತ ಕೇಳುವುದು. ಒಂದು ದಿನ ಮಗಳು "ದುಡ್ಡು ಕೊಡ್ತೀನಲ್ಲಮ್ಮಾ" ಅಂದಳು. ಆ ಮಾತು ನನಗೆ ಚುಚ್ಚಿತು. ಅವರು ಕೊಡುತ್ತಿದ್ದದ್ದು ಸಾಮಾನಿಗೂ ಸಾಲುತ್ತಿರಲಿಲ್ಲ. ನನ್ನ ಕೈಕೆಲಸಕ್ಕೆ ಅದರಲ್ಲಿ ಚಿಕ್ಕಾಸೂ ಇರಲಿಲ್ಲ. ಅವತ್ತೇ ಒಂದು ಮಾತು ಗಟ್ಟಿ ಮಾಡಿಕೊಂಡೆ: ದುಡ್ಡು ಸಾಮಾನಿಗೆ ಮಾತ್ರ, ಕೆಲಸದ ಲೆಕ್ಕವೇ ಬೇರೆ.

ಆಮೇಲೆ ಸಂಬಳದಲ್ಲಿ ನೂರಕ್ಕೆ 25 ಅಂತ ಮಾಡಿದೆವು. ಅಸಮಾನತೆ ಹೋಯಿತು, ಗುಟ್ಟು ಶುರುವಾಯಿತು. ಕೈಗೆ ಬರುವ ಸಂಬಳವೋ, ಕಡಿತಕ್ಕೆ ಮುಂಚಿನದೋ? ಬೋನಸ್ ಸೇರುತ್ತೋ ಇಲ್ವೋ? ಓವರ್‌ಟೈಮ್ ದುಡ್ಡು? ಮಗಳಿಗೆ ಸಂಬಳ ಏರಿದ್ದು ನಮಗೆ ತಿಂಗಳುಗಟ್ಟಲೆ ಗೊತ್ತೇ ಆಗಲಿಲ್ಲ. ಗೊತ್ತಾದ ಮೇಲೆ ಅವಳು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: "ನಾನು ಮೊದಲಿನಷ್ಟೇ ಊಟ ಮಾಡ್ತೀನಿ, ಅಷ್ಟೇ ನೀರು ಸುರೀತೀನಿ. ನನ್ನ ಸಂಬಳ ಏರಿದ್ರೆ ಮನೆಗೆ ಯಾಕೆ ಜಾಸ್ತಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕುತ್ತಾ ಹೋದದ್ದೇ ಈಗಿನ ಲೆಕ್ಕ.

ಬಿಲ್ ಹಂಚುವುದನ್ನೂ ನೋಡಿದ್ದಾಯಿತು. ಕರೆಂಟು ಮಗನಿಗೆ, ಇಂಟರ್ನೆಟ್ಟು ಮತ್ತು ಗ್ಯಾಸು ಮಗಳಿಗೆ. ಕರೆಂಟು ಬಿಲ್ ಕೈಗೆ ಬಂದ ಮೇಲೆ ಮಗ ಲೈಟು ಆರಿಸುವುದನ್ನು ಕಲಿತ, ಅದೊಂದು ಲಾಭ. ಆದರೆ ಸೆಕೆಗಾಲದಲ್ಲಿ ಬಿಲ್ ಹೆಚ್ಚುಕಮ್ಮಿ ಎರಡರಷ್ಟಾಯಿತು. ಅಕ್ಕನ ರೂಮಿನ ಎಸಿಗೆ ನಾನ್ಯಾಕೆ ಕಟ್ಟಲಿ ಅಂತ ಅವನ ಜಗಳ.

ಈ ಜಗಳದಿಂದ ಒಂದು ಅಡ್ಡದಾರಿಗೆ ಹೋದೆ, ಅದನ್ನೂ ಹೇಳಿಬಿಡುತ್ತೇನೆ. ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಮೀಟರ್ ಸಿಗುತ್ತದಲ್ಲ, ಅದೊಂದು ತಂದು ಪ್ಲಗ್ಗಿನ ವಸ್ತುಗಳನ್ನೆಲ್ಲ ಒಂದೊಂದಾಗಿ ಅಳೆದೆ. ಎಸಿಯೂ ಗೀಸರೂ ಆ ಮೀಟರಿಗೆ ಭಾರ, ಅವುಗಳ ಮೇಲೆ ಬರೆದಿರುವ ವ್ಯಾಟ್ ನೋಡಿ ಕಾಗದದ ಮೇಲೆ ಲೆಕ್ಕ ಹಾಕಿದೆ. 1000 ವ್ಯಾಟ್ ಒಂದು ಗಂಟೆ ಓಡಿದರೆ 1 ಯೂನಿಟ್. 2000 ವ್ಯಾಟಿನ ಗೀಸರ್ ಅರ್ಧ ಗಂಟೆಗೆ ಅಷ್ಟು ತಿನ್ನುತ್ತದೆ. 10 ವ್ಯಾಟಿನ ಎಲ್ಇಡಿ ಬಲ್ಬು ಅದೇ 1 ಯೂನಿಟ್ಟಿಗೆ 100 ಗಂಟೆ ಉರಿಯುತ್ತದೆ. ಅಂದರೆ ನಾನು "ಲೈಟ್ ಆರಿಸ್ರೋ" ಅಂತ ಕೂಗಿ ಕೂಗಿ ಒಂದು ಬಲ್ಬನ್ನು 100 ಗಂಟೆ ಆರಿಸಿಟ್ಟರೂ ಉಳಿಯುವುದು ಗೀಸರಿನ ಅರ್ಧ ಗಂಟೆಯಷ್ಟೇ. ಯಾರದು ಎಷ್ಟು ಅಂತ ಯೂನಿಟ್ ಲೆಕ್ಕದಲ್ಲಿ ಹಂಚಲು ಆಗಲೇ ಇಲ್ಲ, ಫ್ರಿಜ್ಜು ಯಾರದು ಹೇಳಿ? ಆದರೆ ಆ ಅಂಕಿ ಬರೆದ ಚೀಟಿ ಬಚ್ಚಲಮನೆ ಬಾಗಿಲಿಗೆ ಅಂಟಿಸಿದ ಮೇಲೆ ಗೀಸರ್ ಸುಮ್ನೆ ಉರಿಯುವುದು ನಿಂತಿತು.

ಈಗ ನಡೆಯುತ್ತಿರುವ ಪದ್ಧತಿಗೆ ಬರುತ್ತೇನೆ. ಮೊದಲು ಮನೆಯ ಎಲ್ಲ ಖರ್ಚನ್ನೂ ಎರಡು ಹಾಳೆಗೆ ಒಡೆದೆ. ಮನೆ ಸಾಲದ ಕಂತು, ತೆರಿಗೆ, ವಿಮೆ, ಸುಣ್ಣಬಣ್ಣ, ರಿಪೇರಿ ಒಂದು ಹಾಳೆ. ಇದು ಗೋಡೆಯ ಖರ್ಚು. ಮನೆ ನಮ್ಮ ಹೆಸರಲ್ಲಿದೆ, ಅದರ ಬೆಲೆ ಏರಿದರೆ ಲಾಭ ನಮಗೆ, ಹಾಗಾಗಿ ಇದನ್ನು ನಾವೇ ಭರಿಸುತ್ತೇವೆ. ದಿನಸಿ, ತರಕಾರಿ, ಹಾಲು, ಗ್ಯಾಸು, ಕರೆಂಟು, ನೀರು, ಇಂಟರ್ನೆಟ್ಟು, ಸೋಪು ಪೌಡರು ಇನ್ನೊಂದು ಹಾಳೆ. ಇದು ಉಸಿರಾಡುವ ಜನರ ಖರ್ಚು, ಎಲ್ಲರದ್ದೂ. ಈ ಒಂದು ಗೆರೆ ಎಳೆದದ್ದರಿಂದಲೇ ಅರ್ಧ ಜಗಳ ತಣ್ಣಗಾಯಿತು. ನಾವು ಮನೆ ಸಾಲವನ್ನು ಅವರ ತಲೆಗೆ ಕಟ್ಟುತ್ತಿಲ್ಲ ಅಂತ ಅವರಿಗೆ ಕಣ್ಣಿಗೆ ಕಂಡಿತು.

ಅಂಕಿಗಳನ್ನು ನೆನಪಿನಿಂದ ಹೇಳುತ್ತೇನೆ, ಆಚೀಚೆ ಆಗಬಹುದು. ಮೂವರ ಕೈಗೆ ಬರುವ ಸಂಬಳ ಒಟ್ಟು 100 ಪಾಲು ಅಂದುಕೊಳ್ಳಿ. ಯಜಮಾನರದು 50, ಮಗಳದು 30, ಮಗನದು 20. ಒಟ್ಟು ಖರ್ಚು 34 ಪಾಲು ಬರುತ್ತಿತ್ತು. ಗೋಡೆಯ 12 ತೆಗೆದರೆ ಉಳಿದದ್ದು 22. ಹಾಗಾಗಿ ಎಲ್ಲರೂ ತಮ್ಮ ಸಂಬಳದ ನೂರಕ್ಕೆ 22 ಹಾಕಬೇಕು. ಯಜಮಾನರು 11, ಮಗಳು 6.6, ಮಗ 4.4.

ಇದು ಮತ್ತೆ ಶೇಕಡಾ ಲೆಕ್ಕವೇ ಅಲ್ವಾ ಅಂತ ಕೇಳಬಹುದು. ಅಲ್ಲ. ಇಲ್ಲಿ ದರ ನಿಂತಿಲ್ಲ, ಖರ್ಚು ನಿಂತಿದೆ. ಮಗಳ ಸಂಬಳ 30ರಿಂದ 40ಕ್ಕೆ ಏರಿತು ಅನ್ನಿ. ಒಟ್ಟು 110 ಆಯಿತು, ಖರ್ಚು ಅದೇ 22. ಎಲ್ಲರ ದರವೂ ನೂರಕ್ಕೆ 22ರಿಂದ 20ಕ್ಕೆ ಇಳಿಯುತ್ತದೆ. ಅವಳು 6.6ರ ಬದಲು 8 ಹಾಕುತ್ತಾಳೆ. ಹೊಸದಾಗಿ ಬಂದ 10ರಲ್ಲಿ 8.6 ಅವಳ ಕೈಯಲ್ಲೇ. ಹಳೇ ನೂರಕ್ಕೆ 25ರ ಪದ್ಧತಿಯಲ್ಲಾದರೆ 2.5 ಹೋಗುತ್ತಿತ್ತು. ಜೊತೆಗೆ ತಮ್ಮನ ಹೊರೆಯೂ ಇಳಿಯಿತು. ಮುಂದಿನ ಸಲ ಸಂಬಳ ಏರಿದಾಗ ಅವಳೇ ಬಂದು ಹೇಳಿದಳು. ಮಗ "ಇನ್ನೂ ಏರಲಿ ಬಿಡೇ ಅಕ್ಕಾ" ಅಂದ. ಅವತ್ತು ನನಗೆ ಈ ಪದ್ಧತಿ ನಿಲ್ಲುತ್ತದೆ ಅಂತ ಧೈರ್ಯ ಬಂತು.

ಇದರ ಮೇಲೆ ನೂರಕ್ಕೆ 2 ಜಾಸ್ತಿ ಹಾಕಿ ಅದನ್ನು ಆಪತ್ತಿನ ದುಡ್ಡು ಅಂತ ಇಡುತ್ತೇವೆ. ಎಲ್ಲವೂ ಬೇರೆ ಒಂದು ಖಾತೆಗೆ, ಸಂಬಳ ಬಂದ ಮಾರನೇ ದಿನ ತಾನಾಗಿ ಹೋಗುವ ಹಾಗೆ ಮಾಡಿದ್ದೇವೆ. ಮನೆಯ ಎಲ್ಲ ಬಿಲ್ಲೂ ಆ ಖಾತೆಯಿಂದಲೇ. ಪಾಸ್‌ಬುಕ್ ನಾಲ್ವರಿಗೂ ತೆರೆದಿದೆ. ಮಕ್ಕಳಿಗೆ ದುಡ್ಡು ಕೇಳಿ ಲೆಕ್ಕ ತೋರಿಸದಿದ್ದರೆ ಅದು ನಿಲ್ಲುವುದಿಲ್ಲ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ನಮ್ಮ ಪರಿಚಯದ ಎಷ್ಟೋ ಮನೆಗಳಲ್ಲಿ ಇಲ್ಲೇ ಎಡವುತ್ತಾರೆ. ದುಡ್ಡು ಬೇಕು, ತಮ್ಮ ಖರ್ಚು ಮಕ್ಕಳು ನೋಡಬಾರದು.

ನನಗೆ ಸಂಬಳ ಇಲ್ಲ. ನನ್ನ ಪಾಲು ಎಲ್ಲಿ ಅಂತ ಮಗನೇ ಕೇಳಿದ, ಮುಗ್ಧವಾಗಿಯೇ ಕೇಳಿದ. ಒಂದು ವಾರ ಮನೆಕೆಲಸವನ್ನೆಲ್ಲ ಗಂಟೆ ಲೆಕ್ಕದಲ್ಲಿ ಬರೆದು ಹಾಳೆಗೆ ಸೇರಿಸಿದೆ. ಅಡುಗೆ, ಪಾತ್ರೆ, ಬಟ್ಟೆ, ಸಾಮಾನು ತರುವುದು, ಕಸ. ವಾರಕ್ಕೆ 45 ಗಂಟೆ ದಾಟಿತ್ತು, ಅದರಲ್ಲಿ 40ರಷ್ಟು ನನ್ನದೇ. ಅದನ್ನು ನೋಡಿ ಯಜಮಾನರೂ ಸುಮ್ಮನಾದರು. ಈಗ ಕೆಲಸದ ಹಾಳೆ ದುಡ್ಡಿನ ಹಾಳೆಯ ಪಕ್ಕದಲ್ಲೇ ಫ್ರಿಜ್ಜಿನ ಮೇಲಿದೆ. ರಾತ್ರಿ ಪಾತ್ರೆ ಮಗನದು, ಬಟ್ಟೆ ಮಗಳದು, ಸಾಮಾನು ಅವರಪ್ಪನದು. ನನ್ನ ಪಾಲು ಈಗ 25 ಗಂಟೆ ಹತ್ತಿರ ಬಂದಿದೆ. ಕೆಲಸ ಮಾಡಿದರೆ ದುಡ್ಡು ಬಿಡುತ್ತೇವೆ ಅನ್ನುವ ಅದಲುಬದಲನ್ನು ಕೆಲವು ವಾರ ಮಾಡಿ ನೋಡಿದೆವು. ತಿಂಗಳ ಕೊನೆಯಲ್ಲಿ ನೆಲ ಒರೆಸುವ ಪೈಪೋಟಿ, ತಿಂಗಳ ಮೊದಲಲ್ಲಿ ಯಾರೂ ಇಲ್ಲ. ಬಿಟ್ಟೆವು.

ನಿಜವಾದ ಪರೀಕ್ಷೆ ಬಂದದ್ದು ಮಗನ ಕೆಲಸ ಹೋದಾಗ. ಹಳೇ ಪದ್ಧತಿಯಲ್ಲಾಗಿದ್ದರೆ ಅವನು ಪ್ರತಿ ತಿಂಗಳೂ ಮುಖ ತಪ್ಪಿಸಿಕೊಂಡು ಓಡಾಡಬೇಕಿತ್ತು. ಇಲ್ಲಿ ಸೊನ್ನೆ ಸಂಬಳಕ್ಕೆ ಪಾಲೂ ಸೊನ್ನೆ. ಕೇಳುವವರಿಲ್ಲ, ಕ್ಷಮೆ ಬೇಡುವವರಿಲ್ಲ. ಅವನ 4 ಪಾಲು ಆಪತ್ತಿನ ದುಡ್ಡಿನಿಂದ ಹೋಯಿತು, ಆರೇಳು ತಿಂಗಳು. ಅಕ್ಕನ ದರ ಏರಲಿಲ್ಲ. ಆ ಗಂಟಿನಲ್ಲಿ ಅವನ ಹಳೇ ದುಡ್ಡೂ ಇತ್ತು ಅನ್ನುವುದು ಅವನಿಗೆ ದೊಡ್ಡ ಸಮಾಧಾನ. ಹೇಳದೇ ಕೆಲಸದ ಹಾಳೆಯಲ್ಲಿ ಬೆಳಗಿನ ಅಡುಗೆಯ ಮುಂದೆ ತನ್ನ ಹೆಸರು ಬರೆದುಕೊಂಡ. ಹೊಸ ಕೆಲಸ ಸಿಕ್ಕಿದ ಮೇಲೆ ಮೊದಲ ಸಂಬಳ ಬಿದ್ದ ಮೆಸೇಜನ್ನು ನನಗೇ ಫಾರ್ವರ್ಡ್ ಮಾಡಿದ, ದರ ಲೆಕ್ಕ ಹಾಕಮ್ಮ ಅಂತ.

ಇನ್ನೊಂದು ಪದ್ಧತಿಯನ್ನು ಎಲ್ಲರೂ ಹೊಗಳುತ್ತಾರೆ. ಮಕ್ಕಳಿಂದ ದುಡ್ಡು ಇಸಿದುಕೊಂಡು, ಗುಟ್ಟಾಗಿ ಕೂಡಿಟ್ಟು, ಮುಂದೆ ಒಂದು ದಿನ ಅವರ ಕೈಗೇ ಕೊಡುವುದು. ನನಗೆ ಒಪ್ಪಿಗೆ ಇಲ್ಲ. ಮನೆಗೆ ಬೇಕು ಅಂತ ಕೇಳಿ, ಬೇಡವಾಗಿತ್ತು ಅಂತ ಆಮೇಲೆ ತೋರಿಸಿದರೆ ಅವರು ಕಲಿಯುವುದೇನು? ಕೂಡಿಡುವುದು ಅವರದೇ ಹೆಸರಲ್ಲಿ, ಅವರದೇ ಕೈಯಲ್ಲಿ ಆಗಬೇಕು. ನಮ್ಮಲ್ಲಿ ಒಂದು ಷರತ್ತು ಇದೆ: ಮನೆಗೆ ಎಷ್ಟು ಹಾಕುತ್ತೀರೋ ಕನಿಷ್ಠ ಅಷ್ಟನ್ನು ನಿಮಗಾಗಿಯೂ ಕೂಡಿಡಬೇಕು. 72ನ್ನು ಬಡ್ಡಿದರದಿಂದ ಭಾಗಿಸಿದರೆ ದುಡ್ಡು ಎರಡರಷ್ಟಾಗುವ ವರ್ಷ ಬರುತ್ತದಲ್ಲ, ಚಕ್ರಬಡ್ಡಿ ನೂರಕ್ಕೆ 8 ಇದ್ದರೆ ಸುಮಾರು 9 ವರ್ಷ. ಮಗಳು ಇದನ್ನು ಕೇಳಿದ ಮೇಲೆ ಷರತ್ತಿಗಿಂತ ಜಾಸ್ತಿಯೇ ಇಡುತ್ತಿದ್ದಾಳೆ.

ಒಂದು ಮಿತಿಯೂ ಇದೆ. ಹೊರಗೆ ಒಬ್ಬರೇ ಇದ್ದಿದ್ದರೆ ಆಗುವ ಖರ್ಚಿನ ಒಂದು ಭಾಗಕ್ಕಿಂತ ಮೇಲೆ ಯಾರೂ ಕೊಡಬೇಕಾಗಿಲ್ಲ. ಆ ಭಾಗ ಎಷ್ಟು, ಅದನ್ನು ನಾನು ಹೇಗೆ ಗೊತ್ತು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಯಜಮಾನರನ್ನು ಮೊದಲ ದಿನ ಲೆಕ್ಕಕ್ಕೆ ಕೂರಿಸಿದ್ದು ಹೇಗೆ ಅನ್ನುವುದನ್ನೂ ಅಷ್ಟೇ. ಅದು ಪ್ರತಿ ಮನೆಯಲ್ಲೂ ಬೇರೆ, ನಿಮ್ಮ ಮನೆಯವರ ಸ್ವಭಾವ ನಿಮಗೇ ಗೊತ್ತು.

ಯಜಮಾನರ ನಿವೃತ್ತಿ ಹತ್ತಿರ ಬರುತ್ತಿದೆ. ಅವರ 50 ಪಾಲು 25ಕ್ಕೆ ಇಳಿಯುತ್ತದೆ. ಮಗಳ ಈಗಿನ 40, ಮಗನ 20 ಸೇರಿ ಒಟ್ಟು 85, ಖರ್ಚು 22, ದರ ನೂರಕ್ಕೆ 26ರ ಹತ್ತಿರ. ಹಾಳೆ ಬರೆದು ಈಗಲೇ ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಮೊದಲ ವರ್ಷ ಆಪತ್ತಿನ 2 ಬಿಟ್ಟುಬಿಡೋಣ ಅನ್ನುತ್ತಾನೆ ಮಗ. ಬೇಡ, ಈಗಲೇ ಅದು ಬೇಕು, ಇಂಟರ್ನೆಟ್ಟಿನ ದೊಡ್ಡ ಪ್ಲಾನ್ ಇಳಿಸೋಣ ಅನ್ನುತ್ತಾಳೆ ಮಗಳು. ನಾನು ಮಗಳ ಕಡೆ. ಮುಂದಿನ ತಿಂಗಳು ಬಿಲ್ಲುಗಳೆಲ್ಲ ಬಂದ ಮೇಲೆ ನಾಲ್ವರೂ ಕೂತು ತೀರ್ಮಾನ ಮಾಡುತ್ತೇವೆ.