ಕೆಲಸಕ್ಕೆ ಸೇರುವ ಮುಂಚೆ ಕೆಲವು ತಿಂಗಳು ಸುತ್ತಿ ಬಂದೆ

ಸುತ್ತಾಡೋಕೆ ಮೊದಲು ದುಡ್ಡು ಬೇಕು ಅಂತ ಎಲ್ಲರೂ ಹೇಳುತ್ತಾರೆ. ಬೇಕು, ನಿಜ. ಆದರೆ ದುಡ್ಡು ಸಂಬಳ ಶುರುವಾದ ಮೇಲೂ ಬರುತ್ತದೆ. ಯಾರ ಹತ್ತಿರವೂ ರಜೆ ಕೇಳದೆ ಒಟ್ಟಿಗೆ ಕೆಲವು ತಿಂಗಳು ಸಿಗೋದು ಓದಿಗೂ ಕೆಲಸಕ್ಕೂ ನಡುವೆ ಮಾತ್ರ. ಅದಕ್ಕೇ ನನ್ನ ಇಡೀ ತಯಾರಿ ಆ ಸಮಯ ಉಳಿಸಿಕೊಳ್ಳುವುದರ ಸುತ್ತ ಇತ್ತು.

ಮೊದಲು ಕೆಲಸದ ಮಾತು ಮುಗಿಸಿಕೊಂಡೆ. ಆಫರ್ ಲೆಟರ್ ಬಂದಿತ್ತು, ಸಹಿ ಇನ್ನೂ ಹಾಕಿರಲಿಲ್ಲ. ಕೇಳೋಕೆ ಅದೇ ಸರಿಯಾದ ಹೊತ್ತು. ಸಹಿ ಹಾಕಿದ ಮೇಲೆ ತಾರೀಖು ಬದಲಿಸಿ ಅಂದರೆ ಅವರಿಗೂ ಕಿರಿಕಿರಿ, ನಮಗೂ ಮುಜುಗರ. ನಾನು ಬರೆದ ಮೇಲ್ ನಾಲ್ಕೇ ಸಾಲು. ಕೆಲಸಕ್ಕೆ ಸೇರುವುದು ಖಂಡಿತ. ಪ್ರಯಾಣ ಮಾಡುವ ಆಸೆ ಇದೆ. ನೀವು ಕೊಟ್ಟ ತಾರೀಖಿನ ಬದಲು ಈ ಎರಡರಲ್ಲಿ ಒಂದು ಆಗುತ್ತದಾ? ಆಗದಿದ್ದರೆ ನಿಮಗೆ ಎಷ್ಟು ಸಾಧ್ಯ ಹೇಳಿ. ಮನೆಯಲ್ಲಿ ತೊಂದರೆ, ಆರೋಗ್ಯ ಸರಿ ಇಲ್ಲ ಅಂತ ಏನೂ ಸೇರಿಸಲಿಲ್ಲ. ಹೊಸಬರನ್ನು ಬ್ಯಾಚ್ ಬ್ಯಾಚ್ ಆಗಿ ತೆಗೆದುಕೊಳ್ಳುವ ಕಂಪನಿಗೆ ಒಬ್ಬರನ್ನು ಮುಂದಿನ ಬ್ಯಾಚಿಗೆ ಹಾಕುವುದು ಅಷ್ಟೇನೂ ಕಷ್ಟವಲ್ಲ. ಫೋನಿನಲ್ಲಿ 'ಸರಿ' ಅಂದರು. ಹೊಸ ತಾರೀಖು ಇರುವ ಪತ್ರ ಕೈಗೆ ಬರುವವರೆಗೆ ನಾನು ಟಿಕೆಟ್ ಮಾಡಿಸಲಿಲ್ಲ. ಈ ಒಂದು ವಿಷಯದಲ್ಲಿ ಅವಸರ ಬೇಡವೇ ಬೇಡ.

ದುಡ್ಡನ್ನು ಮೂರು ಭಾಗ ಮಾಡಿದೆ. ಒಂದು ಸುತ್ತಾಟಕ್ಕೆ. ಇನ್ನೊಂದು, ಯಾವಾಗ ಬೇಕಾದರೂ ಮನೆಗೆ ವಾಪಸ್ ಬರುವಷ್ಟು. ಮೂರನೆಯದನ್ನು ತುಂಬಾ ಜನ ಮರೆತೇಬಿಡುತ್ತಾರೆ. ಕೆಲಸಕ್ಕೆ ಸೇರಿದ ದಿನವೇ ಸಂಬಳ ಬರಲ್ಲ, ತಿಂಗಳು ಕಾಯಬೇಕು. ಆದರೆ ಮನೆ ಬಾಡಿಗೆ, ಅಡ್ವಾನ್ಸ್, ಓಡಾಟ ಮೊದಲ ದಿನದಿಂದಲೇ ಶುರು. ಅದಕ್ಕೆ ಅಂತ ಇಟ್ಟ ದುಡ್ಡನ್ನು ಬೇರೆ ಖಾತೆಗೇ ಹಾಕಿದೆ. ಓದಿನ ಸಾಲ ಇದ್ದವರು ಕಂತು ಯಾವ ತಿಂಗಳಿಂದ ಶುರು ಅಂತ ಹೊರಡುವ ಮುಂಚೆಯೇ ಬ್ಯಾಂಕಿನಲ್ಲಿ ಕೇಳಿಕೊಳ್ಳಿ.

ಕಾಗದ ಪತ್ರದ ಕೆಲಸ ಬೇಜಾರು, ಆದರೆ ಬಿಡುವ ಹಾಗಿಲ್ಲ. ಎಷ್ಟೋ ದೇಶಗಳು ಪಾಸ್‌ಪೋರ್ಟಿಗೆ ಇನ್ನೂ 6 ತಿಂಗಳ ಅವಧಿ ಇರಬೇಕು ಅನ್ನುತ್ತವೆ. ಯುರೋಪಿನ ಷೆಂಗೆನ್ ದೇಶಗಳಲ್ಲಿ (ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಸಾಮಾನ್ಯವಾಗಿ ಗಡಿ ತಪಾಸಣೆ ಇಲ್ಲದ ದೇಶಗಳ ಗುಂಪು) ಸ್ವಲ್ಪ ಕಾಲ ಇರಲು ಹೋದವರಿಗೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ, ಅದೂ ಎಲ್ಲ ದೇಶ ಸೇರಿ. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಹಳದಿ ಜ್ವರದ ಲಸಿಕೆ ಕೇಳುವ ದೇಶಕ್ಕೆ ಹೋಗುವುದಾದರೆ, ಲಸಿಕೆ ಹಾಕಿಸಿಕೊಂಡ 10 ದಿನದ ನಂತರವೇ ಸರ್ಟಿಫಿಕೇಟ್ ಚಾಲ್ತಿಗೆ ಬರುತ್ತದೆ. 2016ರಿಂದ ಅದು ಜೀವಮಾನ ಪೂರ್ತಿ ನಡೆಯುತ್ತದೆ. ಇನ್ಶೂರೆನ್ಸ್ ಇಲ್ಲದೆ ಮಾತ್ರ ಹೊರಡಬೇಡಿ. ಇನ್ನೊಂದು, ಬೇರೆ ದೇಶದಲ್ಲಿ ಕಾರ್ಡ್ ಉಜ್ಜುವಾಗ ಮೆಷಿನ್ 'ನಿಮ್ಮ ದೇಶದ ಹಣದಲ್ಲಿ ಕಟ್ಟುತ್ತೀರಾ' ಅಂತ ಕೇಳಿದರೆ ಬೇಡ ಅನ್ನಿ. ಆ ಅನುಕೂಲದ ಹೆಸರಲ್ಲಿ ಸಾಮಾನ್ಯವಾಗಿ ಜಾಸ್ತಿ ದರ ಹಾಕುತ್ತಾರೆ.

ಇನ್ನು ಸುತ್ತಾಟ. ಕಡಿಮೆ ಊರು, ಜಾಸ್ತಿ ದಿನ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಇದೇ. ದಿನಕ್ಕೊಂದು ಊರು ಅಂತ ಓಡಿದರೆ ಖರ್ಚೆಲ್ಲ ಬಸ್ಸು, ರೈಲಿಗೇ ಹೋಗುತ್ತದೆ. ಒಂದೇ ಕಡೆ ವಾರಗಟ್ಟಲೆ ಇದ್ದರೆ ಬಾಡಿಗೆಯೂ ಇಳಿಯುತ್ತದೆ, ಊರೂ ಬಿಚ್ಚಿಕೊಳ್ಳುತ್ತದೆ. ಒಂದು ಸಣ್ಣ ಊರಿನಲ್ಲಿ ದಿನಾ ಬೆಳಿಗ್ಗೆ ಮೊದಲ ಬಸ್ ಹತ್ತಿ ಕೊನೆಯ ಸ್ಟಾಪಿಗೆ ಹೋಗಿ, ಅಲ್ಲಿಂದ ನಡೆದುಕೊಂಡು ವಾಪಸ್ ಬರುತ್ತಿದ್ದೆ. ಸ್ವಲ್ಪ ದಿನಕ್ಕೇ ಡ್ರೈವರ್ ನನ್ನನ್ನು ಕಂಡರೆ ಕೈ ಎತ್ತತೊಡಗಿದ. ನನಗೆ ಅವನ ಭಾಷೆ ಬಾರದು, ಅವನಿಗೆ ನನ್ನದು. ಒಂದು ದಿನ ಅರ್ಧ ದಾರಿಯಲ್ಲಿ ಬಸ್ ನಿಲ್ಲಿಸಿ, ಹಳ್ಳದ ಕಡೆ ಕೈ ತೋರಿಸಿ, ಇಲ್ಲಿ ಇಳಿ ಅಂತ ಸನ್ನೆ ಮಾಡಿದ. ಇಳಿದೆ. ಮಂಜು ಇನ್ನೂ ಕರಗಿರಲಿಲ್ಲ, ಕೆಳಗೆ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಇಂಥ ಜಾಗ ಯಾವ ಪಟ್ಟಿಯಲ್ಲೂ ಇರಲ್ಲ.

ಉಳಿದುಕೊಳ್ಳೋಕೆ ಹಾಸ್ಟೆಲ್ ಬಹಳ ಒಳ್ಳೆಯದು. ಕಾಲೇಜು ಹಾಸ್ಟೆಲ್ ಅಲ್ಲ, ಪ್ರಯಾಣಿಕರು ಕೋಣೆ ಹಂಚಿಕೊಂಡು ತಂಗುವ ಜಾಗ. ಈ ವ್ಯವಸ್ಥೆ ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. ಜರ್ಮನಿಯ ರಿಚರ್ಡ್ ಶಿರ್ಮಾನ್ ಅನ್ನುವ ಮೇಷ್ಟ್ರು 1909ರಲ್ಲಿ ಮಕ್ಕಳನ್ನು ಕಾಲ್ನಡಿಗೆ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದಾಗ ಜೋರು ಮಳೆಗೆ ಸಿಕ್ಕಿ, ಎಲ್ಲರೂ ಒಂದು ಹಳ್ಳಿ ಶಾಲೆಯಲ್ಲಿ ರಾತ್ರಿ ಕಳೆದರು. ಊರೂರಲ್ಲಿ ಹೀಗೊಂದು ಜಾಗ ಇದ್ದರೆ ಎಷ್ಟು ಚೆನ್ನ ಅಲ್ವಾ ಅಂತ ಅವರಿಗೆ ಹೊಳೆದಿದ್ದು ಆಗಲೇ. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಹಾಸ್ಟೆಲ್ ಶುರುವಾಯಿತು. ಇವತ್ತಿಗೂ ಹಾಸ್ಟೆಲಿನ ಹಾಲ್‌ನಲ್ಲಿ ಕೂತರೆ ಮುಂದಿನ ಊರಿನ ಬಸ್ ಸಮಯ, ದಾರಿ, ಎಚ್ಚರಿಕೆ ಎಲ್ಲ ಆಗಲೇ ಹೋಗಿ ಬಂದವರ ಬಾಯಿಂದಲೇ ಸಿಗುತ್ತದೆ.

ಪ್ರಯಾಣದ ಮಧ್ಯೆ ಕಂಪನಿಯಿಂದ ಮೇಲ್ ಬರುತ್ತದೆ, ಇದಕ್ಕೆ ತಯಾರಾಗಿರಿ. ಸರ್ಟಿಫಿಕೇಟ್, ಗುರುತಿನ ಚೀಟಿ, ಬ್ಯಾಂಕ್ ವಿವರ, ಫೋಟೋ ಎಲ್ಲ ಕೇಳುತ್ತಾರೆ, ಎರಡು ದಿನದಲ್ಲಿ ಕಳಿಸಿ ಅನ್ನುತ್ತಾರೆ. ಹೊರಡುವ ಮುಂಚೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದು ಫೋಲ್ಡರಿನಲ್ಲಿ ಇಟ್ಟಿದ್ದೆ, ಮನೆಯವರ ಹತ್ತಿರವೂ ಒಂದು ಪ್ರತಿ ಇತ್ತು. ಹಾಗಾಗಿ ಕೂತಲ್ಲೇ ಕಳಿಸಿದೆ. ಊರಿನ ಸಿಮ್ ರೋಮಿಂಗ್‌ನಲ್ಲಿ ಚಾಲೂ ಇರಲಿ, ಒಟಿಪಿ ಬರೋದು ಅದಕ್ಕೇ.

ವಾಪಸ್ ಬರುವ ದಿನಕ್ಕೂ ಸೇರುವ ದಿನಕ್ಕೂ ನಡುವೆ ಕಮ್ಮಿ ಅಂದರೂ ಎರಡು ವಾರ ಬಿಡಿ. ನಿದ್ದೆ ಸರಿಹೋಗಬೇಕು, ಮನೆ ಹುಡುಕಬೇಕು. ವಿಮಾನ ತಡವಾಯಿತು, ಜ್ವರ ಬಂತು ಅಂದರೂ ಆಗ ತಾರೀಖು ತಪ್ಪಲ್ಲ.

ಇನ್ನೂ ಆಫರ್ ಸಿಗದೆ ಹೊರಡುವವರೂ ಇರುತ್ತೀರಿ. ರೆಸ್ಯೂಮೆಯಲ್ಲಿ ಆ ತಿಂಗಳುಗಳನ್ನು ಖಾಲಿ ಬಿಡಬೇಡಿ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಪ್ರಯಾಣ, ಅಲ್ಲಿ ಏನಾದರೂ ಕೆಲಸ ಮಾಡಿದ್ದರೆ, ಭಾಷೆ ಕಲಿತಿದ್ದರೆ ಅದು, ಹೀಗೆ ಒಂದು ಸಾಲು ಹಾಕಿ. ಇಂಟರ್‌ವ್ಯೂನಲ್ಲಿ ಕೇಳಿದರೆ ಅದನ್ನೇ ನೇರವಾಗಿ ಹೇಳಿ.