ಪ್ರಾಜೆಕ್ಟ್ ರಿಪೋರ್ಟ್ ಮುಚ್ಚಿಸಿ ಮಾರ್ಕ್ಸ್ ಕೊಟ್ಟ ನನ್ನ ಅನುಭವ

ಬಿಕಾಂ ಮಕ್ಕಳನ್ನು ಎದುರಿಗೆ ಕೂರಿಸಿ ಅವರ ಪ್ರಾಜೆಕ್ಟ್ ರಿಪೋರ್ಟ್ ಬಗ್ಗೆ ಪ್ರಶ್ನೆ ಕೇಳುವ ವೈವಾ ಈ ಸಲ ಮುಗಿದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ನನ್ನ ಜೊತೆ ವಾದಕ್ಕೆ ಬರಲಿಲ್ಲ. ಮೂರು ವರ್ಷದ ಹಿಂದೆ, ರಿಪೋರ್ಟ್ ಮುಚ್ಚಿಸಿ ಒಬ್ಬೊಬ್ಬರನ್ನೇ ಕೇಳುತ್ತೇನೆ ಅಂದಾಗ, ಇದೇ ಜನ "ಮೇಡಂ, 40 ಮಕ್ಕಳಿಗೆ ಇದೆಲ್ಲ ಆಗೋ ಮಾತಲ್ಲ, ಸುಮ್ನೆ ನೋಡಿ ಸಹಿ ಹಾಕಿ" ಅಂದಿದ್ದರು. ಈ ಸಲ 42 ಮಕ್ಕಳಿದ್ದರು. ಎರಡು ದಿನ ಹಿಡಿಯಿತು. ಒಬ್ಬೊಬ್ಬರಿಗೆ ಹೆಚ್ಚೆಂದರೆ 15 ನಿಮಿಷ.

ಶಿವಮೊಗ್ಗದಲ್ಲಿ ಬಿಕಾಂಗೆ ಪಾಠ ಮಾಡುವವರಿಗೆ ಈ ರಿಪೋರ್ಟುಗಳ ಕಥೆ ಗೊತ್ತೇ ಇದೆ. ಒಂದು ಕಂಪನಿ, ಐದು ವರ್ಷದ ಲೆಕ್ಕ, ಹತ್ತು ರೇಷಿಯೋ (ಲೆಕ್ಕದ ಎರಡು ಅಂಕಿಗಳ ಅನುಪಾತ), ಪ್ರತಿಯೊಂದಕ್ಕೂ ಒಂದು ಗ್ರಾಫ್, ಕೊನೆಗೆ "ಕಂಪನಿಯ ಆರ್ಥಿಕ ಸ್ಥಿತಿ ತೃಪ್ತಿಕರವಾಗಿದೆ". ಮೇಲೆ ಚಿನ್ನದ ಬಣ್ಣದ ಅಕ್ಷರದ ಬೈಂಡಿಂಗ್. ಸುಮಾರು 2,000 ರೂಪಾಯಿ ಕೊಟ್ಟರೆ ಡಿಟಿಪಿ ಅಂಗಡಿಯಲ್ಲಿ ಪೂರ್ತಿ ಸಿದ್ಧ ಸಿಗುತ್ತದೆ. ಒಂದು ವರ್ಷ ಬ್ಯಾಂಕಿನ ಮೇಲಿನ ರಿಪೋರ್ಟಿನಲ್ಲಿ ಸ್ಟಾಕ್ ಟರ್ನೋವರ್ ರೇಷಿಯೋ ಇತ್ತು, ಅಂದರೆ ದಾಸ್ತಾನು ಮಾಲು ವರ್ಷಕ್ಕೆ ಎಷ್ಟು ಸಲ ಮಾರಿಹೋಯಿತು ಅನ್ನುವ ಲೆಕ್ಕ. ಬ್ಯಾಂಕಿಗೆ ಎಲ್ಲಿಯ ಸ್ಟಾಕ್? ಅದಕ್ಕೆ ನಾನು 70ರ ಹತ್ತಿರ ಕೊಟ್ಟಿದ್ದೆ. ಆ ವಿಷಯ ಈಗಲೂ ಚುಚ್ಚುತ್ತದೆ. ಅಲ್ಲಿಂದಲೇ ಹಠ ಹಿಡಿದೆ.

ಮೊದಲು ಕಾಪಿ ಹಿಡಿಯುವ ಸಾಫ್ಟ್‌ವೇರಿಗೆ ಕೈಯಿಂದ ಮೂರೂವರೆ ಸಾವಿರ ಹಾಕಿದೆ. ಆ ದುಡ್ಡು ನೀರಿಗೆ ಹೋಯಿತು. ರೇಷಿಯೋಗಳ ವಿವರಣೆ ಎಲ್ಲರದ್ದೂ ಪಠ್ಯಪುಸ್ತಕದ್ದೇ. ಹಾಗಾಗಿ ನಿಜವಾಗಿ ದುಡಿದವನಿಗೆ ಶೇ 60 ಕಾಪಿ ಅಂತ ಬಂತು. ಕೊಂಡು ತಂದವನಿಗೆ ಶೇ 20 ಬಂತು, ಯಾಕೆಂದರೆ ಅಂಗಡಿಯವರು ವಾಕ್ಯ ತಿರುಗಿಸಿ ಕೊಟ್ಟಿದ್ದರು. ಮುಂದಿನ ವರ್ಷ ಎಕ್ಸೆಲ್ ಫೈಲ್ ಕೇಳಿದೆ. ಒಂದೇ ಫೈಲು 11 ಹೆಸರಿನಲ್ಲಿ ಬಂತು.

ಈಗ ಮಾಡುವುದು ಇಷ್ಟೇ. ಕಂಪನಿಯ ವಾರ್ಷಿಕ ವರದಿಯಲ್ಲಿ ಬ್ಯಾಲೆನ್ಸ್ ಶೀಟ್ (ಆಸ್ತಿ-ಸಾಲದ ಪಟ್ಟಿ), ಪಿ ಅಂಡ್ ಎಲ್ (ಲಾಭ-ನಷ್ಟದ ಲೆಕ್ಕ), ಅವುಗಳ ಅಂಕಿಗಳನ್ನು ಬಿಡಿಸಿ ಹೇಳುವ ನೋಟ್ಸಿನಲ್ಲಿ ಬೇಕಾದವು ಮಾತ್ರ ಪ್ರಿಂಟ್ ಹಾಕಿಸಿ ಟೇಬಲ್ ಮೇಲೆ ಇಡುತ್ತೇನೆ. ಈ ಸಲ ಅದಕ್ಕೆ 1,100 ರೂಪಾಯಿ ಆಗಿರಬೇಕು. ರಿಪೋರ್ಟಿನ ಒಂದು ಅಂಕಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತೇನೆ. ಆಮೇಲೆ ರಿಪೋರ್ಟ್ ಮುಚ್ಚಿಸಿ, "ಇದು ಎಲ್ಲಿಂದ ಬಂತು, ಬೆರಳಿಟ್ಟು ತೋರಿಸು" ಅನ್ನುತ್ತೇನೆ. ಯಾವ ಅಂಕಿಗೆ ಸುತ್ತು ಹಾಕುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ಬ್ಯಾಚಿನವರೂ ಓದುತ್ತಾರೆ.

ಎರಡನೇ ಪ್ರಶ್ನೆ, ನಿನ್ನ ರೇಷಿಯೋ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಯಾಕೆ ಅನ್ನುವುದು. ಇದಕ್ಕೆ ಕಾನೂನೇ ಸಹಾಯಕ್ಕೆ ಬಂತು. 2021ರ ಏಪ್ರಿಲ್‌ನಿಂದ ಕಂಪನಿಗಳೇ ನೋಟ್ಸಿನಲ್ಲಿ 11 ರೇಷಿಯೋ ಕೊಡಬೇಕು. ಹಿಂದಿನ ವರ್ಷಕ್ಕಿಂತ ಶೇ 25ಕ್ಕೂ ಜಾಸ್ತಿ ಬದಲಾದರೆ ಕಾರಣವನ್ನೂ ಬರೆಯಬೇಕು. ಹುಡುಗನ ರೇಷಿಯೋ ಪಕ್ಕದಲ್ಲಿ ಕಂಪನಿಯದ್ದನ್ನು ಇಡುತ್ತೇನೆ. ಎರಡೂ ಬೇರೆ ಇದ್ದರೆ ತಪ್ಪು ಅಂತ ಅಲ್ಲ. ಲೀಸ್ (ಬಾಡಿಗೆ ಒಪ್ಪಂದ) ಬಾಕಿಯನ್ನು ಸಾಲಕ್ಕೆ ಸೇರಿಸಿದರಾ, ಸ್ಟಾಕ್ ಸರಾಸರಿ ತೆಗೆದುಕೊಂಡರಾ, ಹೀಗೆ ಏನೋ ಇರುತ್ತದೆ. ಅದನ್ನು ಹುಡುಕಿ ಹೇಳಿದವರಿಗೆ ಮಾರ್ಕ್ಸ್. ಕೊಂಡು ತಂದವರು ಇಲ್ಲೇ ನಿಂತುಬಿಡುತ್ತಾರೆ.

ಶುರು ಮಾಡಿದ ವರ್ಷ ಸಾಗರದ ಕಡೆಯ ಒಬ್ಬ ಹುಡುಗ ಇನ್ಫೋಸಿಸ್ ತೆಗೆದುಕೊಂಡಿದ್ದ. 2017-18ರಲ್ಲಿ ಇಪಿಎಸ್, ಅಂದರೆ ಒಂದು ಷೇರಿಗೆ ಬರುವ ಲಾಭ, 71 ರೂಪಾಯಿಯ ಹತ್ತಿರ, ಮರುವರ್ಷ 35 ಚಿಲ್ಲರೆ. "ಗಳಿಕೆ ಅರ್ಧಕ್ಕೆ ಕುಸಿದಿದೆ" ಅಂತ ಬರೆದಿದ್ದ. "ನೋಡಪ್ಪಾ, ಲಾಭ ಎಷ್ಟಿದೆ?" ಅಂದೆ. ಬೆರಳು ಸಾಲಿನ ಮೇಲೆ ಸರಿಯಿತು. ಒಂದು ವರ್ಷ 16,000 ಕೋಟಿ, ಮರುವರ್ಷ 15,400. ಬೆರಳು ಅಲ್ಲೇ ನಿಂತಿತು. ಒಂದು ನಿಮಿಷ ಮಾತಿಲ್ಲ. ಆಮೇಲೆ ತಾನಾಗಿಯೇ ಪುಟ ತಿರುವಿ ಷೇರುಗಳ ಸಂಖ್ಯೆಗೆ ಹೋದ. "ಮೇಡಂ, ಷೇರು ಡಬಲ್ ಆಗಿದೆ!" 2018ರ ಸೆಪ್ಟೆಂಬರಿನಲ್ಲಿ ಕಂಪನಿ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತ್ತು, ಅಂದರೆ ಇದ್ದ ಪ್ರತಿ ಷೇರಿಗೆ ಇನ್ನೊಂದು ಪುಕ್ಕಟೆ. ಅವನು ಆಯಾ ವರ್ಷದ ವರದಿಯಿಂದ ಅಂಕಿ ಎತ್ತಿದ್ದ, ಹಳೆಯದನ್ನು ಸರಿಹೊಂದಿಸಿರಲಿಲ್ಲ. ತಪ್ಪು ಅವನದ್ದೇ, ಹುಡುಕಿದ್ದೂ ಅವನೇ. 80 ಕೊಟ್ಟೆ. ಸಹೋದ್ಯೋಗಿಗಳು "ತಪ್ಪು ಬರೆದವನಿಗೆ ಅಷ್ಟಾ?" ಅಂದರು. ಈಗ ಕೇಳುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅಡಿಕೆ ತೋಟ ಇರುವ ಹತ್ತು ಮಕ್ಕಳಿಗೆ ಮನೆಯದ್ದೇ ಬ್ಯಾಲೆನ್ಸ್ ಶೀಟ್ ಬರೆಯಲು ಹೇಳಿದೆ. ಅಟ್ಟದ ಮೇಲಿರುವ ರಾಶಿ ಅಡಿಕೆಯನ್ನು ಖರ್ಚಿನ ಲೆಕ್ಕಕ್ಕೆ ಹಿಡಿಯಬೇಕಾ, ಇವತ್ತಿನ ಮಂಡಿ ರೇಟಿಗಾ ಅಂತ ಕ್ಲಾಸಿನಲ್ಲಿ ಜಗಳವೇ ಆಯಿತು. ಆದರೆ ಸೊಸೈಟಿ ಸಾಲ ಎಷ್ಟಿದೆ ಅಂತ ಅಪ್ಪಂದಿರು ಬಾಯಿ ಬಿಡಲಿಲ್ಲ. ನಾಲ್ಕೇ ಬಂದವು. ಅಲ್ಲಿಗೆ ಬಿಟ್ಟೆ.

ಆ ನಾಲ್ವರಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಇದ್ದಳು. ಈ ಸಲ ಅವಳ ಕಂಪನಿಯ ಸ್ಟಾಕ್ ಒಂದೇ ವರ್ಷದಲ್ಲಿ ಏರಿತ್ತು. ನಾನು ಕೇಳುವ ಮೊದಲೇ ನೋಟ್ ತೆಗೆದು ತೋರಿಸಿದಳು. "ಕಚ್ಚಾ ಮಾಲು ಅಷ್ಟೇ ಇದೆ ಮೇಡಂ, ಏರಿದ್ದು ತಯಾರಾದ ಮಾಲು. ರೇಟು ಬರಲಿ ಅಂತ ಇಟ್ಟಿದ್ದೋ, ಮಾರಾಟ ಆಗದೆ ಉಳಿದಿದ್ದೋ, ಅಟ್ಟ ನೋಡಿದರೆ ಗೊತ್ತಾಗಲ್ಲ. ಬಾಕಿ ಬರೋದೂ ಏರಿದೆ, ಮಾರಾಟ ಏರಿಲ್ಲ. ಉಳಿದಿದ್ದೇ ಇರಬೇಕು." ಅವಳದ್ದು ಸ್ಪೈರಲ್ ಬೈಂಡಿಂಗ್, 38 ಪುಟ. ನಾನು 91 ಹಾಕಿದೆ. ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ತಮ್ಮ ಹಾಳೆಯಲ್ಲಿ 93 ಬರೆದಿದ್ದರು.